ಕಡಲಪಾಚಿಯ ಜೆಲ್‌ನಿಂದ ಮಂಡಿಯ ಕಾರ್ಟಿಲೇಜ್ ಪ್ರಿಂಟ್ ಮಾಡಬಹುದಾ?

ಪ್ರಶ್ನೆ: ನಮ್ಮ ಅಮ್ಮನಿಗೆ 61 ವರ್ಷ. ಎರಡೂ ಮಂಡಿ ಸವೆದಿದೆ, ಬಲಗಾಲಿನದ್ದು ಜಾಸ್ತಿ. ಡಾಕ್ಟರು ಮಂಡಿ ಬದಲಾಯಿಸುವ ಆಪರೇಷನ್ ಹೇಳಿದ್ದಾರೆ, ಅಮ್ಮನಿಗೆ ಭಯ. ಕಡಲಪಾಚಿ ಮತ್ತು ಮರದ ನಾರಿನ ಜೆಲ್‌ಗೆ ಜೀವಕೋಶ ಬೆರೆಸಿ ಕಾರ್ಟಿಲೇಜ್ ಪ್ರಿಂಟ್ ಮಾಡ್ತಾರೆ ಅಂತ ಇತ್ತೀಚೆಗೆ ಓದಿದೆ. ಗಿಡದಿಂದ ಬಂದದ್ದಾದ್ದರಿಂದ ಅಡ್ಡಪರಿಣಾಮ ಇಲ್ಲ ಎಂದೂ ಬರೆದಿತ್ತು. ಎರಡು ಮೂರು ವರ್ಷ ಕಾದರೆ ನಮಗೆ ಸಿಗಬಹುದಾ? ನಾನು ಬಯೋಟೆಕ್ನಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಇದರಲ್ಲೇ ಪ್ರಾಜೆಕ್ಟ್ ಮಾಡುವ ಆಸೆ. ಹುಣಸೆ ಬೀಜ, ಲೋಳೆಸರದಿಂದ ಇಂಥ ಜೆಲ್ ಮಾಡಲು ಬರುತ್ತಾ? ಸ್ವಲ್ಪ ವಿವರವಾಗಿ ಹೇಳಿ ಸರ್.
ಹಾಸನದ ಒಬ್ಬ ಓದುಗರು

ಉತ್ತರ:

ಮೊದಲು ಅಮ್ಮನ ವಿಷಯ ಮುಗಿಸೋಣ. ಪ್ರಿಂಟ್ ಮಾಡಿದ ಕಾರ್ಟಿಲೇಜ್ (ಮೃದ್ವಸ್ಥಿ, ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪಾದ ಹೊದಿಕೆ) ಬರುತ್ತೆ ಅಂತ ಕಾಯಬೇಡಿ. 61 ವರ್ಷದವರ ಸವೆದ ಮಂಡಿಗೆ ಅದು ಎರಡು ಮೂರು ವರ್ಷದಲ್ಲಿ ಆಸ್ಪತ್ರೆಯಲ್ಲಿ ಸಿಗುವ ಮಾತಲ್ಲ. ಆಪರೇಷನ್ ಈಗಲೇ ಬೇಕಾ, ವ್ಯಾಯಾಮ, ಫಿಸಿಯೋಥೆರಪಿಯಲ್ಲಿ ಇನ್ನಷ್ಟು ದಿನ ದೂಡಬಹುದಾ ಎನ್ನುವುದನ್ನು ನಿಮ್ಮ ಮೂಳೆ ಡಾಕ್ಟರೇ ಹೇಳಬೇಕು. ನಾನು ವೈದ್ಯನಲ್ಲ, ಜೆಲ್‌ಗಳ ಜೊತೆ ಕೆಲಸ ಮಾಡುವವನು. ಆದರೂ ಅಮ್ಮನಿಗೆ ಓದಿ ಹೇಳಲು ಎರಡು ಅಂಕಿ ಕೊಡುತ್ತೇನೆ. ಬದಲಿಸಿದ ಮಂಡಿಗಳ ದಾಖಲೆಗಳನ್ನು ಒಟ್ಟು ಹಾಕಿ 2019ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಲೆಕ್ಕದ ಪ್ರಕಾರ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಇನ್ನೊಂದು, ಮೈತೂಕ 1 ಕೆಜಿ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕೆಜಿಯಷ್ಟು ಇಳಿಯುತ್ತದೆ. ತೂಕ ಜಾಸ್ತಿ ಇದ್ದರೆ ಇದು ಸಣ್ಣ ವಿಷಯವಲ್ಲ.

ಈಗ ನೀವು ಓದಿದ ಸುದ್ದಿ. ಅದು ಸುಳ್ಳಲ್ಲ. ಅದರ ಬೇರು ಬಹುಮಟ್ಟಿಗೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದೆ. ಅಲ್ಲಿನ ಚಾಲ್ಮರ್ಸ್ ವಿಶ್ವವಿದ್ಯಾಲಯದಲ್ಲಿ ಪಾಲ್ ಗಾಟೆನ್‌ಹೋಮ್ ಅವರ ತಂಡ ಮರದ ತಿರುಳಿನಿಂದ ತೆಗೆದ ಅತಿ ತೆಳು ನಾರಾದ ನ್ಯಾನೋಸೆಲ್ಯುಲೋಸ್‌ಗೆ ಕಂದು ಕಡಲಪಾಚಿಯ ಆಲ್ಜಿನೇಟ್ ಎಂಬ ಲೋಳೆ ಪದಾರ್ಥ ಬೆರೆಸಿ ಒಂದು ಶಾಯಿ (ಪ್ರಿಂಟರಿನಲ್ಲಿ ಒತ್ತುವ ಜೆಲ್) ಮಾಡಿತು. ಪ್ರಬಂಧ ಬಂದದ್ದು 2015ರಲ್ಲಿ. ಸ್ಕ್ಯಾನ್ ಚಿತ್ರಗಳನ್ನು ನಕ್ಷೆ ಮಾಡಿಕೊಂಡು ಮನುಷ್ಯನ ಕಿವಿಯ ಆಕಾರವನ್ನೂ ಕುರಿಯ ಮಂಡಿಯೊಳಗೆ ಮೆತ್ತೆಯಂತಿರುವ ಮೆನಿಸ್ಕಸ್‌ನ ಆಕಾರವನ್ನೂ ಪ್ರಿಂಟ್ ಮಾಡಿ ತೋರಿಸಿದರು. ಮನುಷ್ಯನ ಮೂಗಿನ ಕಾರ್ಟಿಲೇಜ್‌ನಿಂದ ತೆಗೆದ ಕೋಶಗಳನ್ನು ಅದೇ ಶಾಯಿಯಲ್ಲಿ ಪ್ರಿಂಟ್ ಮಾಡಿದಾಗ 1ನೇ ದಿನ ಶೇ. 73 ಜೀವಂತ, 7ನೇ ದಿನ ಶೇ. 86. ಇಂಥ ಶಾಯಿಯನ್ನು ಮಾರಲು ಅದೇ ಊರಿನಲ್ಲಿ ಮರುವರ್ಷ ಸೆಲ್‌ಇಂಕ್ ಎಂಬ ಕಂಪನಿ ಹುಟ್ಟಿತು. 2022ರಲ್ಲಿ ಈ ಕಂಪನಿಯೇ ಬೆಂಗಳೂರಿನ ಐಐಎಸ್‌ಸಿ ಜೊತೆ ಸೇರಿ ಬಯೋಪ್ರಿಂಟಿಂಗ್ ಕೇಂದ್ರವೊಂದನ್ನು ಶುರು ಮಾಡಿತು.

ಆ 73, 86 ನೋಡಿ ಸತ್ತ ಕೋಶ ಎದ್ದು ಕೂತಿತೇನೋ ಅನ್ನಿಸಬಹುದು. ಹಾಗಲ್ಲ. ಇಂಥ ಪ್ರಯೋಗದಲ್ಲಿ ಬೆರೆಸುವಾಗ, ಸೂಜಿಯಲ್ಲಿ ಒತ್ತುವಾಗ, ಗಟ್ಟಿ ಮಾಡುವಾಗ ಒಂದು ಪಾಲು ಕೋಶ ಸಾಯುತ್ತದೆ. ಆಮೇಲೆ ಸತ್ತವು ಕರಗುತ್ತವೆ, ಉಳಿದವು ನಿಧಾನಕ್ಕೆ ಹೆಚ್ಚುತ್ತವೆ. ಶೇಕಡಾ ಲೆಕ್ಕ ಮೇಲೇರುತ್ತದೆ. ನೀವು ಪ್ರಾಜೆಕ್ಟ್ ಮಾಡುವುದಾದರೆ ಶೇಕಡಾ ಒಂದನ್ನೇ ನೋಡಬೇಡಿ. ಒಟ್ಟು ಎಷ್ಟು ಕೋಶ ಉಳಿದವು ಎಂದೂ ನೋಡಿ.

ಮಂಡಿಯ ಕಾರ್ಟಿಲೇಜ್‌ಗೆ ಕೋಶ ಹಾಕಿ ರಿಪೇರಿ ಮಾಡುವ ಕೆಲಸ ಸುದ್ದಿಯಾದದ್ದೂ ಇದೇ ಗೋಥೆನ್‌ಬರ್ಗ್‌ನಿಂದ. 1994ರಲ್ಲಿ ಮ್ಯಾಟ್ಸ್ ಬ್ರಿಟ್‌ಬರ್ಗ್, ಲಾರ್ಸ್ ಪೀಟರ್ಸನ್ ಮತ್ತು ಸಂಗಡಿಗರು 23 ರೋಗಿಗಳ ವರದಿ ಕೊಟ್ಟರು. ಮಂಡಿಯಿಂದ ಚೂರು ಕಾರ್ಟಿಲೇಜ್ ತೆಗೆದು, ಕೋಶಗಳನ್ನು ಲ್ಯಾಬಿನಲ್ಲಿ ಹೆಚ್ಚಿಸಿ, ಗಾಯದ ಕುಳಿಗೆ ತುಂಬಿ, ಮೇಲೆ ಮೂಳೆಯ ಪೊರೆಯನ್ನು ಹೊಲಿದಿದ್ದರು. ಅಲ್ಲಿ ಜೆಲ್ ಇಲ್ಲ, ಪ್ರಿಂಟರ್ ಇಲ್ಲ. ಕೋಶಗಳು ನೀರಿನಂಥ ದ್ರವದಲ್ಲಿ ತೇಲುತ್ತಿದ್ದವು, ಹೊಲಿಗೆ ಬಿಟ್ಟರೆ ಸೋರಿಹೋಗುತ್ತಿದ್ದವು. ಅವನ್ನು ಹಿಡಿದಿಡಲು ಏನಾದರೂ ಆಸರೆ ಬೇಕು ಎಂಬ ಒತ್ತಡ ಬಂದದ್ದು ಅಲ್ಲಿಂದ.

ಆಲ್ಜಿನೇಟ್ ನಿಮಗೆ ಹೊಸದೇನಲ್ಲ. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಾಯಲ್ಲಿ ಇಡುವ ಮೆತ್ತನೆಯ ಪೇಸ್ಟ್ ಇದೆಯಲ್ಲ, ಅದು ಇದೇ. (ಕಂದು ಕಡಲಪಾಚಿಯನ್ನು ಜೀವಶಾಸ್ತ್ರದವರು ಗಿಡದ ಸಾಲಿಗೆ ಸೇರಿಸುವುದಿಲ್ಲ. ಆದರೆ ನಮ್ಮ ಕ್ಷೇತ್ರದಲ್ಲಿ ಪ್ರಾಣಿಮೂಲದ್ದಲ್ಲ ಎಂಬ ಅರ್ಥದಲ್ಲಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತೇವೆ.) ಇದು ಎರಡು ಬಗೆಯ ಸಕ್ಕರೆ ಆಮ್ಲಗಳ ಉದ್ದನೆಯ ಸರಪಳಿ: ಮ್ಯಾನುರಾನಿಕ್ ಮತ್ತು ಗುಲುರಾನಿಕ್. ಗುಲುರಾನಿಕ್ ಸಾಲಾಗಿ ಬಂದ ಕಡೆ ಸರಪಳಿಯಲ್ಲಿ ಸಣ್ಣ ಸಣ್ಣ ಗುಳಿಗಳಾಗುತ್ತವೆ. ಎರಡು ಸರಪಳಿ ಎದುರುಬದುರಾದಾಗ ಆ ಗುಳಿಗಳಲ್ಲಿ ಕ್ಯಾಲ್ಸಿಯಂ ಬಂದು ಕೂರುತ್ತದೆ. ಅಷ್ಟೇ, ಎರಡೂ ಕಚ್ಚಿಕೊಂಡವು. ಬಿಸಿ ಬೇಡ, ವಿಷದ ರಾಸಾಯನಿಕ ಬೇಡ, ನೀಲಿ ಬೆಳಕೂ ಬೇಡ. ಕೋಶ ಒಳಗಿದ್ದಾಗಲೇ ಗಟ್ಟಿ ಮಾಡಬಹುದು. ಇಡೀ ಜೆಲ್‌ನಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ನೀರೇ ಇರಬಹುದು. ಪಾಚಿಯ ಜಾತಿ, ಕೊಯ್ದ ಋತು ಬದಲಾದರೆ ಆ ಎರಡು ಆಮ್ಲಗಳ ಪ್ರಮಾಣವೂ ಬದಲಾಗುತ್ತದೆ. ಹೋದ ವರ್ಷದ ಡಬ್ಬಿಯಲ್ಲಿ ಚೆನ್ನಾಗಿ ಬಂದ ಜೆಲ್ ಈ ವರ್ಷದ ಡಬ್ಬಿಯಲ್ಲಿ ಬಾರದೇ ಹೋಗುವುದು ಇದಕ್ಕೇ.

ಪ್ರಿಂಟಿಂಗ್ ಭಾಗವನ್ನು ಚಕ್ಕುಲಿ ಒತ್ತಿದವರಿಗೆ ಹೇಳಿಕೊಡಬೇಕಿಲ್ಲ. ಹಿಟ್ಟು ತೆಳುವಾದರೆ ಒರಳಿನಿಂದ ಬಂದದ್ದು ತಟ್ಟೆಯಲ್ಲಿ ಹರಡಿಕೊಳ್ಳುತ್ತದೆ, ಗಟ್ಟಿಯಾದರೆ ಕೈ ನೋವು, ಎಳೆ ತುಂಡು. ಬರೀ ಆಲ್ಜಿನೇಟ್ ತೆಳು ಹಿಟ್ಟಿನ ಜಾತಿ. ಅದರ ಸಾಂದ್ರತೆ ಹೆಚ್ಚಿಸಿದರೆ ನಿಲ್ಲುತ್ತದೆ, ಆದರೆ ಒತ್ತಡ ಜಾಸ್ತಿ ಬೇಕು. ಒಳಗಿರುವ ಕೋಶ ಆ ಒತ್ತಡದಲ್ಲಿ ಒಡೆದುಹೋಗುತ್ತದೆ. ನ್ಯಾನೋಸೆಲ್ಯುಲೋಸ್ ಉಪಕಾರಕ್ಕೆ ಬರುವುದು ಇಲ್ಲಿ. ಅದು ಕೆಲವೇ ನ್ಯಾನೋಮೀಟರಿನಿಂದ ಕೆಲವು ಹತ್ತು ನ್ಯಾನೋಮೀಟರ್ ದಪ್ಪದ, ಆದರೆ ಅದಕ್ಕೆ ಹೋಲಿಸಿದರೆ ಬಲು ಉದ್ದದ ನಾರು. ಸುಮ್ನೆ ಇದ್ದಾಗ ಒಂದಕ್ಕೊಂದು ಸಿಕ್ಕಿಕೊಂಡು ನಿಂತಿರುತ್ತವೆ. ಒತ್ತಿದಾಗ ಹರಿವಿನ ದಿಕ್ಕಿಗೆ ಸಾಲಾಗಿ ಜಾರುತ್ತವೆ, ಶಾಯಿ ತೆಳುವಾಗುತ್ತದೆ. ಸೂಜಿ ದಾಟಿದ ಕ್ಷಣ ಮತ್ತೆ ಸಿಕ್ಕಿಕೊಳ್ಳುತ್ತವೆ. ಗೋಥೆನ್‌ಬರ್ಗ್‌ನವರ ಶಾಯಿಯಲ್ಲಿ ಗಟ್ಟಿ ಪದಾರ್ಥದ 80 ಪಾಲು ನಾರು, 20 ಪಾಲು ಆಲ್ಜಿನೇಟ್ ಇದ್ದ ಮಿಶ್ರಣ ಹೆಸರು ಮಾಡಿತು. ನಿಲ್ಲಿಸುವ ಕೆಲಸ ನಾರಿನದು, ಆಮೇಲೆ ಕ್ಯಾಲ್ಸಿಯಂ ದ್ರಾವಣದಲ್ಲಿ ಕಚ್ಚಿಕೊಳ್ಳುವ ಕೆಲಸ ಆಲ್ಜಿನೇಟಿನದು.

ಆಕಾರ ನಿಲ್ಲದ ಮೆತ್ತನೆ ಶಾಯಿಗೆ ಇನ್ನೊಂದು ಉಪಾಯವೂ ಇದೆ. ಗಾಳಿಯಲ್ಲಿ ಪ್ರಿಂಟ್ ಮಾಡುವ ಬದಲು ಜೆಲಾಟಿನ್ ಕಣಗಳ ಗಸಿಯೊಳಗೆ ಪ್ರಿಂಟ್ ಮಾಡುವುದು. ಗಸಿ ಎಳೆಯನ್ನು ಹಿಡಿದುಕೊಂಡಿರುತ್ತದೆ, 37 ಡಿಗ್ರಿಗೆ ಬಿಸಿ ಮಾಡಿದರೆ ಕರಗಿ ಹೋಗುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಡಮ್ ಫೈನ್‌ಬರ್ಗ್ ತಂಡ 2015ರಲ್ಲಿ ಇದನ್ನು ತೋರಿಸಿತು. ಅಲ್ಲಿ ಬಳಸಿದ ಶಾಯಿಗಳಲ್ಲಿ ಆಲ್ಜಿನೇಟ್ ಕೂಡ ಒಂದು.

ಲ್ಯಾಬಿನಲ್ಲಿ ಇದು ಹೇಗೆ ಕಾಣುತ್ತದೆ ಹೇಳುತ್ತೇನೆ. ಸಿರಿಂಜಿನಲ್ಲಿ ಶಾಯಿ, ತುದಿಗೆ ಕಾಲು ಮಿಲಿಮೀಟರಿನಷ್ಟು ಬಾಯಿಯ ಸೂಜಿ. ಗಾಜಿನ ತಟ್ಟೆಯ ಮೇಲೆ ಅದು ಅಡ್ಡ ನಾಲ್ಕು ಗೆರೆ, ಉದ್ದ ನಾಲ್ಕು ಗೆರೆ ಎಳೆಯುತ್ತಾ ಜಾಲರಿ ಕಟ್ಟುತ್ತದೆ. ಸೂಜಿಯಲ್ಲಿ ಗಾಳಿಗುಳ್ಳೆ ಬಂದರೆ ಒಂದು ಗೆರೆ ಕಡಿದು ಹೋಯಿತು, ಮತ್ತೆ ಮೊದಲಿನಿಂದ. ಮುಗಿದ ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಹನಿಸುತ್ತೀರಿ. ಕೆಲವು ನಿಮಿಷದಲ್ಲಿ ಜಾಲರಿ ಚಿಮಟಿಯಲ್ಲಿ ಎತ್ತಿದರೆ ಬರುವಷ್ಟು ಗಟ್ಟಿ. ಎಲ್ಲರೂ ಫೋಟೋ ತೆಗೆಯುವುದು ಆ ಹೊತ್ತಿಗೆ. ವಾರ ಬಿಟ್ಟು ಅದೇ ಜಾಲರಿ ನೋಡಬೇಕು. ಕೋಶಗಳಿಗೆ ಹಾಕಿದ ಪೋಷಕ ದ್ರವದಲ್ಲಿ ಸೋಡಿಯಂ ಇರುತ್ತದೆ, ಫಾಸ್ಫೇಟ್ ಇರುತ್ತದೆ. ಸೋಡಿಯಂ ಕ್ಯಾಲ್ಸಿಯಂನ ಜಾಗಕ್ಕೆ ನುಗ್ಗುತ್ತದೆ, ಫಾಸ್ಫೇಟ್ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಚೌಕ ಕಿಂಡಿಗಳು ಊದಿ ದುಂಡಗಾಗಿರುತ್ತವೆ, ಚಿಮಟಿ ಹಾಕಿದರೆ ಎಳೆ ಜಾರಿ ಹೋಗುತ್ತದೆ. ಜೀವಂತ ಕೋಶಕ್ಕೆ ಹಸಿರು, ಸತ್ತದ್ದಕ್ಕೆ ಕೆಂಪು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಸಿರು ಚುಕ್ಕಿಗಳೇ ಜಾಸ್ತಿ ಇರುತ್ತವೆ, ಸಂತೋಷ. ಆದರೆ ಅವು ಬರೀ ಚುಕ್ಕಿಗಳು. ಚರ್ಮದ ಕೋಶವಾದರೆ ಕೈಕಾಲು ಚಾಚಿ ಹರಡಿಕೊಳ್ಳಬೇಕಿತ್ತು. ಇಲ್ಲಿ ದುಂಡಗೆ ಮುದುಡಿ ಕೂತಿರುತ್ತವೆ.

ಯಾಕೆಂದರೆ ಆಲ್ಜಿನೇಟನ್ನು ನಮ್ಮ ಕೋಶಗಳು ಗುರುತಿಸುವುದೇ ಇಲ್ಲ. ನಮ್ಮ ದೇಹದೊಳಗೆ ಕೋಶ ಕಾಲೂರುವುದು ಕೊಲಾಜೆನ್, ಫೈಬ್ರೊನೆಕ್ಟಿನ್‌ನಂಥ ಪ್ರೋಟೀನುಗಳ ಮೇಲೆ. ಫೈಬ್ರೊನೆಕ್ಟಿನ್‌ನಲ್ಲಿ ಕೋಶ ಹಿಡಿಯುವ ಜಾಗ ಬರೀ ಮೂರು ಅಮೈನೋ ಆಮ್ಲಗಳ ತುಣುಕು ಎಂದು ಪಿಯರ್ಶ್‌ಬಾಕರ್ ಮತ್ತು ರೂಸ್ಲಾಟಿ 1984ರಲ್ಲಿ ತೋರಿಸಿದರು. ಅದಕ್ಕೆ ಆರ್‌ಜಿಡಿ ಎನ್ನುತ್ತಾರೆ. ಕಡಲಪಾಚಿಯ ಸಕ್ಕರೆಯಲ್ಲಿ ಅದು ಎಲ್ಲಿಂದ ಬರಬೇಕು? 1999ರಲ್ಲಿ ಡೇವಿಡ್ ಮೂನಿ ಅವರ ತಂಡ ಆ ತುಣುಕನ್ನೇ ಆಲ್ಜಿನೇಟಿಗೆ ರಾಸಾಯನಿಕವಾಗಿ ಅಂಟಿಸಿತು. ಆಗ ಸ್ನಾಯುವಿನ ಕೋಶಗಳು ಅದರ ಮೇಲೆ ಕೂತು ಬೆಳೆದವು. ಚರ್ಮ, ಸ್ನಾಯು, ರಕ್ತನಾಳ ಯಾವುದೇ ಇರಲಿ, ಗಿಡದ ಜೆಲ್ ಬೇಕೆಂದರೆ ಇಂಥದ್ದೊಂದು ಹಿಡಿಕೆ ಅಂಟಿಸಬೇಕು, ಇಲ್ಲವೇ ಜೆಲಾಟಿನ್, ಕೊಲಾಜೆನ್ ಬೆರೆಸಬೇಕು. ಪ್ರಾಣಿಮೂಲದ ಜೆಲಾಟಿನ್ ಬೆರೆಸಿದ ಮೇಲೂ ಗಿಡದ ಶಾಯಿ ಅಂತ ಶೀರ್ಷಿಕೆಯಲ್ಲಿ ಬರೆಯುವವರು ಇದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ.

ಆದರೆ ಕಾರ್ಟಿಲೇಜ್ ಕೋಶದ ಕಥೆ ಉಲ್ಟಾ. ಅದಕ್ಕೆ ಹಿಡಿಕೆ ಸಿಗದಿರುವುದೇ ಒಳ್ಳೆಯದು. ಪ್ಲಾಸ್ಟಿಕ್ ತಟ್ಟೆಯ ಮೇಲೆ ಬೆಳೆಸಿದರೆ ಈ ಕೋಶ ಚಪ್ಪಟೆಯಾಗಿ ಹರಡುತ್ತದೆ. ಹಾಗೆ ಹರಡುತ್ತಾ ತನ್ನ ಕೆಲಸವನ್ನೇ ಮರೆಯುತ್ತದೆ. ಮಂಡಿಗೆ ಬೇಕಾದ 2ನೇ ಬಗೆಯ ಕೊಲಾಜೆನ್ ಬಿಟ್ಟು, ಗಾಯದ ಕಲೆಯಲ್ಲಿ ಸಿಗುವ 1ನೇ ಬಗೆಯದ್ದನ್ನು ಮಾಡಲು ಶುರು ಮಾಡುತ್ತದೆ. 1982ರಲ್ಲಿ ಬೆನ್ಯಾ ಮತ್ತು ಶಾಫರ್ ಹೀಗೆ ದಾರಿ ತಪ್ಪಿದ ಮೊಲದ ಕೋಶಗಳನ್ನು ಅಗರೋಸ್ ಜೆಲ್‌ನಲ್ಲಿ ಹುದುಗಿಸಿಟ್ಟರು. ಅಗರೋಸ್ ಕೂಡ ಕಡಲಪಾಚಿಯದ್ದೇ, ಕೆಂಪು ಜಾತಿ. ಅಲ್ಲಿ ಹಿಡಿಯಲು ಏನೂ ಸಿಗದೆ ಕೋಶಗಳು ಮತ್ತೆ ದುಂಡಗಾದವು. ದುಂಡಗಾದ ಮೇಲೆ ಮತ್ತೆ 2ನೇ ಬಗೆಯ ಕೊಲಾಜೆನ್ ಮಾಡತೊಡಗಿದವು. ಕೋಶದ ಆಕಾರ ಬದಲಾದರೆ ಅದರ ನಡತೆಯೂ ಬದಲಾಗುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ಕಡಿಮೆ. ನಮ್ಮ ಕ್ಷೇತ್ರದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಬಂಧ ಇದು.

ಗಿಡದ ಜೆಲ್‌ನ ಸುದ್ದಿಗಳಲ್ಲಿ ಕಿವಿ, ಮೂಗು, ಮಂಡಿ ಇಷ್ಟೇ ಜಾಸ್ತಿ ಕಾಣುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಇನ್ನೊಂದು ಕಾರಣವೂ ಇದೆ. ರಕ್ತನಾಳದಿಂದ 100–200 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದೂರ ಹೋದರೆ ಬಹಳಷ್ಟು ಕೋಶಗಳಿಗೆ ಆಮ್ಲಜನಕ ಸಾಲದು. ಪ್ರಿಂಟ್ ಮಾಡಿದ ಲಿವರ್, ಕಿಡ್ನಿ ದಪ್ಪಗಾದ ಕೂಡಲೇ ನಡುವಿನ ಕೋಶ ಸಾಯುವುದು ಇದಕ್ಕೇ. ಕಾರ್ಟಿಲೇಜಿನಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ, ಕೋಶಗಳೂ ಕಡಿಮೆ. ಅವು ಕಡಿಮೆ ಆಮ್ಲಜನಕದಲ್ಲೇ ಬದುಕಲು ಕಲಿತಿವೆ. ಇಷ್ಟು ಅನುಕೂಲ ಬೇರೆ ಯಾವ ಅಂಗಾಂಶದಲ್ಲೂ ಸಿಗುವುದಿಲ್ಲ.

ಇಷ್ಟೆಲ್ಲ ಅನುಕೂಲ ಇದ್ದೂ ಮಂಡಿಗೆ ಯಾಕೆ ಬಂದಿಲ್ಲ? ಇದು ಬರೀ ಊಹೆಯ ಮಾತಲ್ಲ, ಮನುಷ್ಯರ ಮಂಡಿಯಲ್ಲೇ ಪರೀಕ್ಷೆಯಾಗಿದೆ. ಫ್ರಾನ್ಸಿನಲ್ಲಿ ಕಾರ್ಟಿಪ್ಯಾಚ್ ಎಂಬ ಉತ್ಪನ್ನ ಇತ್ತು. ಅಗರೋಸ್ ಮತ್ತು ಆಲ್ಜಿನೇಟ್ ಬೆರೆಸಿದ ಜೆಲ್, ಅದರೊಳಗೆ ರೋಗಿಯದೇ ಕಾರ್ಟಿಲೇಜ್ ಕೋಶ. ಪ್ರಿಂಟ್ ಮಾಡಿದ್ದಲ್ಲ, ಅಚ್ಚಿನಲ್ಲಿ ಹೊಯ್ದು ಬಿಲ್ಲೆ ಮಾಡಿ ಮಂಡಿಯ ಕುಳಿಗೆ ಕೂರಿಸುತ್ತಿದ್ದರು. ಜೆಲ್‌ಗೆ ಕೋಶ ಬೆರೆಸುವ ಉಪಾಯ ಮಾತ್ರ ನೀವು ಓದಿದ ಸುದ್ದಿಯಲ್ಲಿದ್ದದ್ದೇ. 2008ರಲ್ಲಿ 17 ರೋಗಿಗಳ ಫಲಿತಾಂಶ ಬಂತು, ಎರಡು ವರ್ಷದಲ್ಲಿ ನೋವು ಇಳಿದಿತ್ತು, ಓಡಾಟ ಸುಧಾರಿಸಿತ್ತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಒಂದು ಗುಂಪಿಗೆ ಈ ಜೆಲ್, ಇನ್ನೊಂದಕ್ಕೆ ಮೊಸಾಯಿಕ್‌ಪ್ಲಾಸ್ಟಿ. ಅಂದರೆ ಮಂಡಿಯಲ್ಲಿ ಹೊರೆ ಬೀಳದ ಜಾಗದಿಂದ ಮೂಳೆ ಸಮೇತ ಸಣ್ಣ ಕಾರ್ಟಿಲೇಜ್ ಗೂಟಗಳನ್ನು ತೆಗೆದು ಕುಳಿಗೆ ನೆಡುವ ಹಳೆಯ ಶಸ್ತ್ರಚಿಕಿತ್ಸೆ. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ವರ್ಷದ ಕೊನೆಗೆ ಹಳೆಯ ವಿಧಾನದವರೇ ಚೆನ್ನಾಗಿದ್ದರು. ಜೆಲ್ ಸೋತಿತು.

ಇನ್ನೊಂದು ಮಾತು ಗಮನಿಸಿ. ಇಂಥ ಪ್ರಯೋಗಗಳಿಗೆ ಆರಿಸಿಕೊಳ್ಳುವುದು ಹೆಚ್ಚಾಗಿ ಚಿಕ್ಕ ವಯಸ್ಸಿನವರನ್ನು. ಆಟ ಆಡುವಾಗ ಬಿದ್ದೋ, ಅಪಘಾತದಲ್ಲೋ ಒಂದು ಕಡೆ ಕುಳಿ ಬಿದ್ದವರು, ಸುತ್ತಲಿನ ಕಾರ್ಟಿಲೇಜ್ ಚೆನ್ನಾಗಿರುವವರು. ನಿಮ್ಮ ಅಮ್ಮನದು ಆ ತರಹದ್ದಲ್ಲ. ಮಂಡಿ ಸವೆತದಲ್ಲಿ ಕೆಳಗಿನ ಮೂಳೆ, ಸುತ್ತಲಿನ ಪೊರೆ, ಕೀಲಿನ ದ್ರವ ಎಲ್ಲದರಲ್ಲೂ ಬದಲಾವಣೆ ಆಗಿರುತ್ತದೆ. ಉರಿಯೂತ ಇರುತ್ತದೆ. ಹೊಸ ಕೋಶಗಳನ್ನು ಅಂಥ ಕಡೆ ಇಟ್ಟರೆ ಅವಕ್ಕೂ ಅದೇ ಗತಿ ಆಗುವ ಅಪಾಯ ಇದೆ. ವಯಸ್ಸಾದ ಮಂಡಿಯಿಂದ ತೆಗೆದ ಕೋಶಗಳು ಲ್ಯಾಬಿನಲ್ಲಿ ಚುರುಕಾಗಿ ಬೆಳೆಯುವುದೂ ಇಲ್ಲ. ಅದಕ್ಕೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇವಾನ್ ಮಾರ್ಟಿನ್ ಅವರ ತಂಡ ಮೂಗಿನ ನಡುಗೋಡೆಯಿಂದ ಕೋಶ ತೆಗೆದು ಮಂಡಿಗೆ ಹಾಕುತ್ತದೆ. 2016ರಲ್ಲಿ 10 ರೋಗಿಗಳ ವರದಿ ಬಂತು. 2021ರಲ್ಲಿ ಸವೆತ ಇದ್ದ ಇಬ್ಬರಲ್ಲಿ ಪ್ರಯತ್ನಿಸಿದ ವರದಿ ಬಂತು. ಗಮನಿಸಿ, ಇಬ್ಬರು. ಮತ್ತು ಅಲ್ಲಿ ಬಳಸಿದ ಆಸರೆ ಗಿಡದ್ದಲ್ಲ, ಕೊಲಾಜೆನ್. ಅಮೆರಿಕದಲ್ಲಿ 2016ರ ಕೊನೆಗೆ ಒಪ್ಪಿಗೆ ಸಿಕ್ಕ ಮ್ಯಾಸಿ ಎಂಬ ಚಿಕಿತ್ಸೆಯಲ್ಲೂ ಕೋಶಗಳನ್ನು ಕೂರಿಸುವುದು ಹಂದಿಯ ಕೊಲಾಜೆನ್ ಹಾಳೆಯ ಮೇಲೆ.

ಹೊರೆಯ ಲೆಕ್ಕ ಬೇರೆ. ಆರೋಗ್ಯವಂತ ಕಾರ್ಟಿಲೇಜ್‌ನ ಗಟ್ಟಿತನ ಅರ್ಧದಿಂದ 1 ಮೆಗಾಪ್ಯಾಸ್ಕಲ್, ಅಂದರೆ 500ರಿಂದ 1000 ಕಿಲೋಪ್ಯಾಸ್ಕಲ್ ಆಸುಪಾಸು. ಕೋಶ ಹಾಕುವಂಥ ಮೆತ್ತನೆ ಆಲ್ಜಿನೇಟ್ ಜೆಲ್‌ನದು ಸಾಮಾನ್ಯವಾಗಿ ಕೆಲವು ಕಿಲೋಪ್ಯಾಸ್ಕಲ್‌ನಿಂದ ಕೆಲವು ಹತ್ತು ಕಿಲೋಪ್ಯಾಸ್ಕಲ್. ನಡೆಯುವಾಗ ಮಂಡಿಯ ಮೇಲೆ ಮೈತೂಕದ ಎರಡು ಮೂರು ಪಟ್ಟು ಹೊರೆ ಬೀಳುತ್ತದೆ. ಜೆಲ್ಲನ್ನು ಗಟ್ಟಿ ಮಾಡೋಣ ಎಂದರೆ ಸಂದು ಕಿರಿದಾಗಿ ಕೋಶಗಳು ತಾವು ಮಾಡಿದ ಕೊಲಾಜೆನ್ನನ್ನು ಹರಡಲು ಜಾಗ ಇಲ್ಲದೆ ಸುತ್ತಲೇ ಗುಡ್ಡೆ ಹಾಕಿಕೊಳ್ಳುತ್ತವೆ. ಮೆತ್ತಗೆ ಬಿಟ್ಟರೆ ರೋಗಿ ಮೊದಲ ಹೆಜ್ಜೆ ಇಟ್ಟಾಗಲೇ ನಜ್ಜುಗುಜ್ಜು. ಈ ಎರಡರ ನಡುವೆ ಸರಿಯಾದ ಜಾಗ ಹುಡುಕುವುದರಲ್ಲೇ ಎಷ್ಟೋ ಜನರ ಪಿಎಚ್‌ಡಿ ಮುಗಿದಿದೆ. ಕಿವಿಯ ಮೇಲೆ ಯಾರೂ ನಿಲ್ಲುವುದಿಲ್ಲವಲ್ಲ. ಅದಕ್ಕೇ ಗಿಡದ ಜೆಲ್ ಮನುಷ್ಯರಿಗೆ ಬರುವುದಾದರೆ ಮಂಡಿಗಿಂತ ಮೊದಲು ಕಿವಿಗೆ ಬರುತ್ತದೆ ಎಂದು ನನ್ನ ಅಂದಾಜು.

ನಾನು ಪ್ರಿಂಟಿಂಗ್‌ಗಿಂತ ದೊಡ್ಡ ಸಮಸ್ಯೆ ಅಂದುಕೊಂಡಿರುವುದು ಇನ್ನೊಂದಿದೆ. ಆಸರೆ ಸಕಾಲಕ್ಕೆ ಜಾಗ ಖಾಲಿ ಮಾಡಬೇಕು. ಕೋಶಗಳು ತಮ್ಮದೇ ಅಂಗಾಂಶ ಕಟ್ಟುತ್ತಾ ಹೋದಂತೆ ಜೆಲ್ ಕರಗುತ್ತಾ ಹೋಗಬೇಕು. ಕೊಲಾಜೆನ್ ಹಾಕಿದರೆ ದೇಹದ ಕಿಣ್ವಗಳೇ ಅದನ್ನು ಕತ್ತರಿಸುತ್ತವೆ, ಅದೂ ಕೋಶ ಇರುವ ಕಡೆಯೇ. ಆಲ್ಜಿನೇಟನ್ನು ಕತ್ತರಿಸುವ ಕಿಣ್ವ ನಮ್ಮ ಮೈಯಲ್ಲಿ ಇಲ್ಲ. ಸೆಲ್ಯುಲೋಸ್‌ಗೂ ಇಲ್ಲ, ಹುಲ್ಲು ತಿಂದು ಬದುಕಲು ನಮಗೆ ಆಗದಿರುವುದು ಅದಕ್ಕೇ. ಆಲ್ಜಿನೇಟ್ ಕ್ಯಾಲ್ಸಿಯಂ ಕಳೆದುಕೊಂಡು ತನಗೆ ಬೇಕಾದಾಗ ಸಡಿಲವಾಗುತ್ತದೆ, ನಮಗೆ ಬೇಕಾದಾಗ ಅಲ್ಲ. ಸಡಿಲವಾದ ಮೇಲೂ ಸರಪಳಿ ಉದ್ದವೇ ಇದ್ದರೆ ಕಿಡ್ನಿಯ ಜರಡಿ ದಾಟುವುದಿಲ್ಲ. ಇದಕ್ಕೆ ಒಂದು ಪರಿಹಾರ ಇದೆ. ಪೆರಿಯೋಡೇಟ್ ಎಂಬ ರಾಸಾಯನಿಕ ಹಾಕಿ ಸರಪಳಿಯ ಕೆಲವು ಕೊಂಡಿಗಳನ್ನು ಮೊದಲೇ ದುರ್ಬಲ ಮಾಡಿಟ್ಟರೆ ನೀರಿನಲ್ಲೇ ನಿಧಾನಕ್ಕೆ ತುಂಡಾಗುತ್ತದೆ. ಎಷ್ಟು ಆಕ್ಸಿಡೀಕರಣ ಮಾಡಿದರೆ ಎಷ್ಟು ಬೇಗ ತುಂಡಾಗುತ್ತದೆ ಎಂದು ಸ್ವಲ್ಪಮಟ್ಟಿಗೆ ಹಿಡಿತಕ್ಕೆ ಬಂದಿದೆ. ಜಾಸ್ತಿ ಮಾಡಿದರೆ ಜೆಲ್ಲೇ ಆಗುವುದಿಲ್ಲ. ಸೆಲ್ಯುಲೋಸ್ ಮಾತ್ರ ಹಾಕಿದಲ್ಲೇ ಉಳಿಯುತ್ತದೆ.

ಗಿಡದ್ದಾದ್ದರಿಂದ ಅಡ್ಡಪರಿಣಾಮ ಇಲ್ಲ ಎನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಹರಳು ಬೀಜದ ರಿಸಿನ್ ಎಂಬ ವಿಷ ಕೂಡ ಗಿಡದ್ದೇ ಅಲ್ವಾ? ತಿನ್ನುವ ಗುಣಮಟ್ಟದ ಆಲ್ಜಿನೇಟಿನಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷವಸ್ತು, ಪಾಚಿಯ ಪಾಲಿಫಿನಾಲ್, ಪ್ರೋಟೀನ್ ಚೂರು ಇರಬಹುದು. ಐಸ್‌ಕ್ರೀಮಿನಲ್ಲಿ ಹೊಟ್ಟೆಗೆ ಹೋದರೆ ತೊಂದರೆ ಇಲ್ಲ, ಮಂಡಿಯೊಳಗೆ ಹೋದರೆ ಉರಿಯೂತ. 1980ರಲ್ಲಿ ಲಿಮ್ ಮತ್ತು ಸನ್ ಇಲಿಗಳ ಇನ್ಸುಲಿನ್ ಕೋಶಗಳನ್ನು ಆಲ್ಜಿನೇಟ್ ಗುಳಿಗೆಗಳಲ್ಲಿ ಮುಚ್ಚಿ ಸಕ್ಕರೆ ಕಾಯಿಲೆಯ ಇಲಿಗಳಿಗೆ ಹಾಕಿದರು. ಕೆಲವು ವಾರ ಸಕ್ಕರೆ ಹತೋಟಿಗೆ ಬಂತು. ಆ ದಾರಿಯಲ್ಲಿ ನಡೆದವರನ್ನು ಮುಂದಿನ ದಶಕಗಳಲ್ಲಿ ಬಹಳ ಕಾಡಿದ್ದು ಗುಳಿಗೆಯ ಸುತ್ತ ದೇಹ ಕಟ್ಟುವ ನಾರಿನ ಪೊರೆ. ಪೊರೆ ಬಂದರೆ ಒಳಗಿನ ಕೋಶಕ್ಕೆ ಆಮ್ಲಜನಕ ಕಡಿತ. ಗಿಡದ ಜೆಲ್‌ನ ನಿಜವಾದ ಲಾಭ ಬೇರೆ: ಪ್ರಾಣಿಯ ವೈರಸ್ ಬರುವ ಭಯ ಕಡಿಮೆ, ಬೆಲೆ ಕಡಿಮೆ, ಹಂದಿ, ದನದ ಪದಾರ್ಥ ಬೇಡ ಎನ್ನುವವರಿಗೂ ನಡೆಯುತ್ತದೆ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲಕೋಶ) ಹಾಕಿದ ಜೆಲ್ ಚುಚ್ಚಿ ಮಂಡಿ ಸರಿ ಮಾಡ್ತೇವೆ ಅಂತ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಪ್ರಯೋಗದ ಒಳಗೇ ನಡೆಯಬೇಕು. ಪ್ರಯೋಗ ಅಂದರೆ ಸಿಟಿಆರ್‌ಐ (ದೇಶದ ಚಿಕಿತ್ಸಾ ಪ್ರಯೋಗಗಳ ಸರ್ಕಾರಿ ಪಟ್ಟಿ) ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಕೇಳಿ, ವೆಬ್‌ಸೈಟಿನಲ್ಲಿ ನೀವೇ ಹುಡುಕಿ ನೋಡಿ. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಆ ಚಿಕಿತ್ಸೆಗೇ ದುಡ್ಡು ಕೇಳುತ್ತಾರೆಂದರೆ ಏನೋ ಸರಿಯಿಲ್ಲ.

ಇನ್ನು ನಿಮ್ಮ ಪ್ರಾಜೆಕ್ಟ್. ಹುಣಸೆ ಬೀಜ ಒಳ್ಳೆಯ ಆಯ್ಕೆ. ಅದರ ಹಿಟ್ಟನ್ನು ನೂಲಿಗೆ ಗಂಜಿ ಹಾಕಲು ಬಹಳ ಕಾಲದಿಂದ ಬಳಸುತ್ತಾರೆ. ಅದರಲ್ಲಿರುವ ಮುಖ್ಯ ಸಕ್ಕರೆ ಸರಪಳಿ ಕ್ಸೈಲೋಗ್ಲೂಕನ್. ಬೆನ್ನೆಲುಬು ಸೆಲ್ಯುಲೋಸಿನದೇ, ಮೇಲೆ ಕ್ಸೈಲೋಸ್, ಗ್ಯಾಲಕ್ಟೋಸ್ ಎಂಬ ಸಕ್ಕರೆಗಳ ಕೊಂಬೆಗಳು. ಹಾಗೇ ನೀರಿಗೆ ಹಾಕಿದರೆ ದಪ್ಪ ಗಂಜಿ, ಜೆಲ್ ಅಲ್ಲ. ಗ್ಯಾಲಕ್ಟೋಸ್‌ನ ಮೂರನೇ ಒಂದು ಪಾಲಿಗಿಂತ ಜಾಸ್ತಿಯನ್ನು ಕಿಣ್ವದಿಂದ ತೆಗೆದರೆ, ತಣ್ಣಗಿದ್ದಾಗ ಹರಿಯುವ, ಮೈ ಬಿಸಿಗೆ ಗಟ್ಟಿಯಾಗುವ ಜೆಲ್ ಸಿಗುತ್ತದೆ. ತಮಾಷೆ ಏನೆಂದರೆ, ಲಿವರ್ ಕೋಶಗಳ ಮೇಲೆ ಗ್ಯಾಲಕ್ಟೋಸನ್ನೇ ಗುರುತಿಸುವ ಗ್ರಾಹಿ ಇದೆ. ಹಿಡಿಕೆ ಬೇಕೆಂದರೆ ಗ್ಯಾಲಕ್ಟೋಸ್ ಉಳಿಸಬೇಕು, ಜೆಲ್ ಬೇಕೆಂದರೆ ತೆಗೆಯಬೇಕು. ಎಷ್ಟು ಉಳಿಸಿ ಎಷ್ಟು ತೆಗೆಯಬೇಕು ಎನ್ನುವುದೇ ಒಂದು ಪ್ರಾಜೆಕ್ಟಿಗೆ ಸಾಕಾಗುವ ಪ್ರಶ್ನೆ. ಲೋಳೆಸರ ಬಿಡಿ. ಎಲೆ ಕತ್ತರಿಸಿದ ಮೇಲೆ ಅದರ ಲೋಳೆ ಬೇಗ ತೆಳುವಾಗುತ್ತದೆ, ಅದೊಂದನ್ನೇ ಬಳಸಿದರೆ ಆಕಾರ ನಿಲ್ಲುವುದಿಲ್ಲ. ಆಲ್ಜಿನೇಟಿಗೆ ಬೆರೆಸಿ ಮಾಡಬಹುದು, ಆದರೆ ಆಗ ಕೆಲಸ ಮಾಡುತ್ತಿರುವುದು ಆಲ್ಜಿನೇಟೇ.

ನಿಮ್ಮ ಕಾಲೇಜಿನಲ್ಲಿ ಬಯೋಪ್ರಿಂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಸಿರಿಂಜು, ಮೊಂಡು ತುದಿಯ ಸೂಜಿ ಸಾಕು. ಮೊದಲು ಎರಡು ಕಂಬಗಳ ನಡುವೆ ಒಂದು ಎಳೆ ಎಳೆದು ಅದು ಎಷ್ಟು ಜೋಲುತ್ತದೆ ನೋಡಿ. ಬಳಿಕ ಜಾಲರಿ ಎಳೆದು ಕಿಂಡಿಗಳು ಚೌಕವಾಗೇ ಉಳಿದವಾ ಎಂದು ಫೋಟೋದಲ್ಲಿ ಅಳೆಯಿರಿ. ಆಮೇಲೆ ಫಾಸ್ಫೇಟ್ ಇರುವ ಉಪ್ಪುನೀರಿನಲ್ಲಿ 37 ಡಿಗ್ರಿಯಲ್ಲಿಟ್ಟು ಮೂರು ವಾರ ತೂಕ ನೋಡುತ್ತಾ ಹೋಗಿ. ಬರೀ ನೀರಿನಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಎಲ್ಲ ಜೆಲ್ಲೂ ಅದರಲ್ಲಿ ಚೆನ್ನಾಗೇ ಕಾಣುತ್ತದೆ. ಕ್ರಿಮಿಶುದ್ಧಿ ಮಾಡುವಾಗ ಆಲ್ಜಿನೇಟ್ ದ್ರಾವಣವನ್ನು ಆಟೋಕ್ಲೇವ್ ಮಾಡಬೇಡಿ (ಒತ್ತಡದ ಬಿಸಿ ಆವಿಯಲ್ಲಿ ಇಡಬೇಡಿ), ಸರಪಳಿ ತುಂಡಾಗಿ ಶಾಯಿ ತೆಳುವಾಗುತ್ತದೆ. ತೆಳು ದ್ರಾವಣವನ್ನು 0.22 ಮೈಕ್ರಾನ್ ಜರಡಿಯಲ್ಲಿ ಸೋಸಿ, ಒಣಗಿಸಿ, ಮತ್ತೆ ಬೇಕಾದ ದಪ್ಪಕ್ಕೆ ಕಲಸಿಕೊಳ್ಳಿ. ಕೋಶದ ಪ್ರಯೋಗಕ್ಕೆ ಅನುಕೂಲ ಇದ್ದರೆ ಎರಡು ದಿನದ ಒಂದು ಪರೀಕ್ಷೆ ಮಾಡಿ ಕೋಶಸ್ನೇಹಿ ಎಂದು ಬರೆದುಬಿಡಬೇಡಿ, ಕನಿಷ್ಠ 21 ದಿನ ನೋಡಿ, ಕೊಲಾಜೆನ್ ಯಾವ ಬಗೆಯದು ಬಂತು ನೋಡಿ. ಮತ್ತೆ ಆಲ್ಜಿನೇಟ್ ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಮೊದಲ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಡಬ್ಬಿ ಖಾಲಿಯಾದ ಮೇಲೆ ಯಾರಿಗೂ ನೆನಪಿರುವುದಿಲ್ಲ.